ನಾಲಿಗೆಯವರು ಹಾಲು ಬಿಟ್ಟದ್ದು

ಹೆದರುವವರಲ್ಲಿ ಎರಡು ಬಗೆ. ಕಾರಣ ಸಿಕ್ಕಿದ ಮೇಲೆ ಹೆದರುವವರು ಒಂದು ಬಗೆ. ಮೊದಲು ಹೆದರಿಬಿಟ್ಟು, ಆಮೇಲೆ ಪುರುಸೊತ್ತಾಗಿ ಕೂತು ಕಾರಣ ಹುಡುಕುವವರು ಇನ್ನೊಂದು ಬಗೆ. ನಮ್ಮ ಬೀದಿಯ ನಾಲಿಗೆಯವರು ಎರಡನೆಯ ಬಗೆಗೆ ಸೇರಿದವರು. ಅಂಚೆಯವನು ಬಾಗಿಲು ತಟ್ಟಿದರೆ ಯಾರಿಗೋ ಏನೋ ಆಗಿದೆ ಎಂದು ಹೆದರುವರು. ತಟ್ಟದೆ ಮುಂದಿನ ಮನೆಗೆ ಹೋದರೆ ಅವನಿಗೂ ತಮ್ಮ ಮೇಲೆ ಸಿಟ್ಟು ಬಂದಿದೆ ಎಂದು ಹೆದರುವರು. ಲಿಫ್ಟು ನಡುವೆ ನಿಂತೀತೆಂದು ಮೆಟ್ಟಿಲು ಹತ್ತುವರು. ಹತ್ತಿದ ಮೇಲೆ ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕೂ ಹೆದರುವರು.

ಈ ಹೆಸರು ಅವರಿಗೆ ಕೆಲಸದಿಂದ ಬಂದದ್ದು. ಊರಿನ ಹಾಲಿನ ಡೈರಿಯಲ್ಲಿ ಅವರು ಹಾಲಿನ ರುಚಿ ನೋಡುವವರು. ಬೆಳಿಗ್ಗೆ ಲಾರಿಗಳಿಂದ ಕ್ಯಾನುಗಳು ಇಳಿಯುತ್ತವೆ. ಒಂದೊಂದರ ಮುಚ್ಚಳ ತೆಗೆದಾಗಲೂ ನಾಲಿಗೆಯವರು ಬಗ್ಗಿ ಮೂಸುತ್ತಾರೆ, ಉದ್ದ ಹಿಡಿಯ ಸೌಟಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ ಓಡಾಡಿಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ, ಆಮೇಲೆ ‘ಪಾಸ್’ ಅಥವಾ ‘ವಾಪಸ್’ ಎನ್ನುತ್ತಾರೆ. ಉಗುಳುವುದು ಕೆಲಸದ ನಿಯಮ. ಬಂದದ್ದನ್ನೆಲ್ಲ ನುಂಗುತ್ತ ಹೋದರೆ ಹೊಟ್ಟೆಯೂ ಕೆಡುತ್ತದೆ, ನಾಲಿಗೆಯೂ ಮಂಕಾಗುತ್ತದೆ. ಇದು ಡೈರಿಯ ಒಳಗೆ ಎಲ್ಲರಿಗೂ ಗೊತ್ತು. ಹೊರಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದೆ ನಡೆದ ಅನಾಹುತದಲ್ಲಿ ಅರ್ಧ ಇದರಿಂದ ಆಯಿತು. ಉಳಿದರ್ಧ ಜಂಬದಿಂದ.

ಹೌದು, ಪುಕ್ಕಲರಿಗೂ ಜಂಬ ಇರುತ್ತದೆ. ನಾಲಿಗೆಯವರಿಗೆ ಇದ್ದದ್ದು ಒಂದೇ ಜಂಬ: ತಾವು ಸಸ್ಯಾಹಾರಿ ಎಂಬುದು. ಹವಾಮಾನದ ಮಾತು ತೆಗೆದರೂ ಅವರು ಎರಡು ವಾಕ್ಯದೊಳಗೆ ಅಲ್ಲಿಗೆ ಬಂದು ಮುಟ್ಟುತ್ತಿದ್ದರು. ‘ಸೆಕೆ ಜಾಸ್ತಿ. ಮಾಂಸ ತಿನ್ನೋರಿಗೆ ಇನ್ನೂ ಜಾಸ್ತಿ ಆಗುತ್ತೆ, ಪಾಪ.’ ಹಾಲು, ಮೊಸರು, ಬೆಣ್ಣೆ, ತುಪ್ಪ ಮಾತ್ರ ಮನಸಾರೆ ತಿನ್ನುತ್ತಿದ್ದರು. ಮೊಟ್ಟೆಯನ್ನೂ ಬಿಡುತ್ತಿರಲಿಲ್ಲ. ಅದು ತರಕಾರಿಗೆ ಹತ್ತಿರದ ಸಂಬಂಧಿ ಎಂದು ಯಾವುದೋ ಡಾಕ್ಟರು ಹೇಳಿದ್ದರಂತೆ. ಯಾವ ಡಾಕ್ಟರೆಂದು ಕೇಳಿದರೆ, ಅವರು ಈಗ ಇಲ್ಲ ಎನ್ನುತ್ತಿದ್ದರು.

ಹೀಗಿರುವಾಗ ಒಂದು ರಜಾದಿನ ಮಧ್ಯಾಹ್ನ ಅವರ ತಂಗಿಯ ಮಗಳು ಬಂದಿಳಿದಳು. ನರ್ಸ್ ಕೆಲಸ ಕಲಿಯುತ್ತಿದ್ದ ಹುಡುಗಿ. ನಮ್ಮೂರ ಆಸ್ಪತ್ರೆಯಲ್ಲಿ ತರಬೇತಿ, ಮುಗಿಯುವತನಕ ಮಾವನ ಮನೆಯಲ್ಲಿ ವಾಸ. ಊಟಕ್ಕೆ ಕೂತಿದ್ದ ನಾಲಿಗೆಯವರು, ಗಂಟೆ ಬಾರಿಸಿದ ಸದ್ದಿಗೆ ಬೆಚ್ಚಿ, ಎದ್ದು ಓಡಿಬಂದು ಬಾಗಿಲು ತೆಗೆದರು. ಮಗಳಂಥ ಸೋದರಸೊಸೆ, ನೋಡಿ ಎಷ್ಟೋ ಕಾಲವಾಗಿತ್ತು. ಕೈ ಹಿಡಿದು ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡರು. ಹೆಂಡತಿ ತಟ್ಟೆ ಇಟ್ಟು ಬಡಿಸತೊಡಗಿದರು. ಹುಡುಗಿ ತುಪ್ಪಕ್ಕೆ ಕೈ ಅಡ್ಡ ಹಿಡಿದಳು.

“ಅತ್ತೆ, ಬೇಡ. ನಾನು ಹಾಲು, ಮೊಸರು, ತುಪ್ಪ, ಮೊಟ್ಟೆ ಏನೂ ತಗೊಳ್ಳಲ್ಲ.”

“ಯಾಕಮ್ಮ, ಮೈಗೆ ಒಗ್ಗಲ್ವಾ?”

“ಒಗ್ಗುತ್ತೆ. ಕೆಟ್ಟದ್ದು ಅಂತಾನೂ ಅಲ್ಲ. ನಂಗೆ ಬೇಡ, ಅಷ್ಟೆ.” ಆಮೇಲೆ ಮಾವನ ಕಡೆ ತಿರುಗಿ, “ನಾನೂ ಮೊದಲು ನಿಮ್ಮ ಹಾಗೆ ಬರೀ ಸಸ್ಯಾಹಾರಿ ಆಗಿದ್ದೆ ಮಾವ” ಎಂದಳು.

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಆ ‘ಬರೀ’ ನಾಲಿಗೆಯವರಿಗೆ ಚುಚ್ಚಿತು. ಜೀವಮಾನವೆಲ್ಲ ಎದೆಯ ಮೇಲೆ ಧರಿಸಿಕೊಂಡು ತಿರುಗಿದ ಒಂದೇ ಒಂದು ಪದಕವನ್ನು ಮೊನ್ನೆ ಹುಟ್ಟಿದ ಹುಡುಗಿ ‘ಬರೀ’ ಎಂದುಬಿಟ್ಟಳು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

“ನಾನೂ ಅದನ್ನೆಲ್ಲ ಬಿಟ್ಟು ಬಹಳ ಕಾಲ ಆಯ್ತಮ್ಮ. ಹೇಳ್ಕೊಂಡು ತಿರುಗೋ ಅಭ್ಯಾಸ ಇಲ್ಲ ನೋಡು, ಹಾಗಾಗಿ ಯಾರಿಗೂ ಗೊತ್ತಿಲ್ಲ.”

ಹೆಂಡತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಹುಡುಗಿ ಮಾವನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು, ಬೇಕಾದದ್ದಕ್ಕಿಂತ ತುಸು ಹೆಚ್ಚೇ. ಆಮೇಲೆ ನಕ್ಕು, “ಹೌದಾ ಮಾವ? ಬಹಳ ಸಂತೋಷ” ಎಂದಳು.

ಅಡುಗೆಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು.

“ಯಾವಾಗ ಬಿಟ್ಟಿರಿ?”

“ಮೆಲ್ಲಗೆ ಮಾತಾಡೇ. ಬಾಯಿ ತಪ್ಪಿ ಬಂತು. ನಾಲ್ಕು ದಿನ ಸಂಭಾಳಿಸು, ಅವಳು ಹೋಗಿಬಿಡ್ತಾಳೆ.”

“ತರಬೇತಿ ಮುಗಿಯೋಕೆ ತಿಂಗಳ ಮೇಲಾಗುತ್ತೆ.”

ನಾಲಿಗೆಯವರು ಹಿಟ್ಟಿನ ಡಬ್ಬದ ಮೇಲೆ ಕುಸಿದು ಕೂತರು.

ಅವರ ಹೆಂಡತಿ ಗಂಡನ ಮಾತಿಗೆ ಬೆಲೆ ಕೊಡುವ ಹೆಂಗಸು. ಅದರಲ್ಲೂ ಆ ಮಾತಿನಿಂದ ಗಂಡನಿಗೇ ತೊಂದರೆ ಆಗುವುದಿದ್ದರೆ ಇನ್ನೂ ಹೆಚ್ಚು ಬೆಲೆ ಕೊಡುವರು. “ನೀವು ಬಿಟ್ಟಿದ್ದೀರಿ, ಅವಳು ಬಿಟ್ಟಿದ್ದಾಳೆ, ನನ್ನೊಬ್ಬಳಿಗೆ ಯಾಕೆ” ಎಂದು ಮರುದಿನ ಬೆಳಿಗ್ಗೆ ಸೈಕಲ್ಲಿನ ಹಾಲಿನವನಿಗೆ ನಾಳೆಯಿಂದ ಬೇಡ ಎಂದರು.

“ಯಾಕಮ್ಮ, ಎಲ್ಲಾದ್ರೂ ಹೋಗ್ತಿದ್ದೀರಾ?”

“ಇಲ್ಲಪ್ಪ. ನಮ್ಮ ಮನೆಯವರು ಹಾಲು ಬಿಟ್ಟರು.”

ಹಾಲಿನವನು ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ನಿಂತ. “ಸಾರ್ ಹಾಲು ಬಿಟ್ರಾ? ಡೈರೀಲಿ ರುಚಿ ನೋಡೋ ಸಾರ್?”

“ಮೊಟ್ಟೇನೂ ಬಿಟ್ಟಿದ್ದಾರೆ.”

ಅಷ್ಟರಲ್ಲಿ ಒಳಗಿನಿಂದ ಹುಡುಗಿ ಆಸ್ಪತ್ರೆಯ ಬಿಳಿ ಉಡುಪಿನಲ್ಲಿ ಹೊರಬಂದು, ಅವಸರ ಅವಸರವಾಗಿ ಮೆಟ್ಟಿಲಿಳಿದು ಹೋದಳು. ಹಾಲಿನವನು ಆ ಬಿಳಿ ಉಡುಪನ್ನು ನೋಡಿದ, ಬಾಗಿಲಲ್ಲಿದ್ದ ಅಮ್ಮನನ್ನು ನೋಡಿದ, ತನ್ನ ಚೀಲದಲ್ಲಿದ್ದ ಹಾಲಿನ ಪ್ಯಾಕೆಟ್ಟುಗಳನ್ನು ನೋಡಿದ. ಆ ದಿನ ಅವನು ಬೀದಿಯುದ್ದಕ್ಕೂ ಗಂಟೆ ಬಾರಿಸಲಿಲ್ಲ. ಒಂದೊಂದು ಮನೆಯ ಮುಂದೆಯೂ ಇಳಿದು, ಪಿಸುಮಾತಿನಲ್ಲಿ ಹಾಲು ಕೊಟ್ಟು ಬಂದ.

ಇತ್ತ ಮನೆಯಲ್ಲಿ ನಾಲಿಗೆಯವರ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಕಪ್ಪು ಕಾಫಿ. ಮಧ್ಯಾಹ್ನ ತುಪ್ಪವಿಲ್ಲದ ಊಟ, ಕೊನೆಗೆ ಮೊಸರಿನ ಜಾಗದಲ್ಲಿ ಒಂದು ಲೋಟ ನೀರು. ಹುಡುಗಿ ಅಭಿಮಾನದಿಂದ ಕಡಲೆಕಾಯಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ಮಾಡಿ ತಂದಿಟ್ಟಳು. ನಾಲಿಗೆಯವರು ಒಂದು ಗುಟುಕು ಬಾಯಿಗೆ ಹಾಕಿಕೊಂಡರು, ಈ ದವಡೆಯಿಂದ ಆ ದವಡೆಗೆ ಓಡಾಡಿಸಿದರು, ಕಣ್ಣು ಮುಚ್ಚಿದರು, ಎದ್ದು ಹೋಗಿ ಪಾತ್ರೆ ತೊಳೆಯುವ ತೊಟ್ಟಿಗೆ ಉಗುಳಿ ಬಂದು, “ಪಾಸ್” ಎಂದರು.

“ಮಾವ, ಚೆನ್ನಾಗಿಲ್ವಾ?”

“ಬಹಳ ಚೆನ್ನಾಗಿದೆಯಮ್ಮ. ಇದು ನಮ್ಮ ಕೆಲಸದ ಅಭ್ಯಾಸ. ಮನಸ್ಸು ಎಲ್ಲೋ ಇದ್ದರೆ ಬಾಯಿ ಅದರ ಪಾಡಿಗೆ ಅದು ಉಗುಳಿಬಿಡುತ್ತೆ.”

ಹುಡುಗಿ ನಕ್ಕಳು. ಆಮೇಲೆ ಏನೋ ನೆನಪಾದವಳಂತೆ, “ಮಾವ, ಅಷ್ಟೊಂದು ಹಾಲು ನಿಮ್ಮ ಡೈರಿಗೆ ಬರುತ್ತಲ್ಲ, ಕರುಗಳೆಲ್ಲ ಎಲ್ಲಿರುತ್ತೆ?” ಎಂದು ಕೇಳಿದಳು. ಇಷ್ಟು ವರ್ಷದ ಕೆಲಸದಲ್ಲಿ ನಾಲಿಗೆಯವರು ಕ್ಯಾನು ಕಂಡಿದ್ದರು, ಲಾರಿ ಕಂಡಿದ್ದರು, ಕರು ಕಂಡಿರಲಿಲ್ಲ. “ಅದು ಬೇರೆ ಸೆಕ್ಷನ್ನು” ಎಂದರು.

ಮೊದಲ ವಾರ ಅವರು ಕೆಲಸದಿಂದ ಬರುತ್ತ ದಾರಿಯಲ್ಲಿ ಬೇಯಿಸಿದ ಮೊಟ್ಟೆ ಕದ್ದುಮುಚ್ಚಿ ತಿನ್ನುತ್ತಿದ್ದರು. ಹಿಂದೆ ಒಬ್ಬರು, ಮುಂದೆ ಒಬ್ಬರು ಬರುತ್ತಿದ್ದಾರೆಂಬ ಹೆದರಿಕೆಯಲ್ಲಿ ತಿಂದ ಮೊಟ್ಟೆ ಎಲ್ಲಿ ಮೈಗೆ ಹತ್ತೀತು? ಒಂದು ದಿನ ಗಂಟಲಲ್ಲಿ ಸಿಕ್ಕಿಕೊಂಡು ಜೀವವೇ ಬಾಯಿಗೆ ಬಂತು. ಆಮೇಲೆ ಅದನ್ನೂ ಬಿಟ್ಟರು. ಹೀಗೆ ಸುಳ್ಳು ಹೇಳಿದ ಮನುಷ್ಯ ಬರೀ ಹೆದರಿಕೆಯಿಂದ ಸತ್ಯವಂತನಾದ.

ಈಗ ನಮ್ಮ ಬೀದಿಯ ಸಮಾಚಾರ. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ, ಏಕೆಂದರೆ ನಾನೂ ಅದೇ ಬೀದಿಯವನು. ಹಾಲಿನ ಡೈರಿಯಲ್ಲಿ ರುಚಿ ನೋಡುವವರೇ ಹಾಲು ಬಿಟ್ಟಿದ್ದಾರೆ. ಆಸ್ಪತ್ರೆಯಿಂದ ನರ್ಸು ಬಂದ ಮರುದಿನವೇ ಬಿಟ್ಟಿದ್ದಾರೆ. ಜೊತೆಗೆ ಮೊಟ್ಟೆಯನ್ನೂ ಬಿಟ್ಟಿದ್ದಾರೆ. ಇಷ್ಟು ಸಾಲದೇ? ಬೀದಿಯ ಟೈಲರು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ತೀರ್ಪು ಕೊಟ್ಟ.

“ಹಾಲೂ ಬಿಟ್ಟು ಮೊಟ್ಟೇನೂ ಬಿಟ್ಟಿದ್ದಾರೆ ಅಂದ್ರೆ ಹಸುಗೂ ಕೋಳಿಗೂ ಒಂದೇ ಕಾಯಿಲೆ ಬಂದಿದೆ. ಮೇಲಿನವರು ಮುಚ್ಚಿಟ್ಟಿದ್ದಾರೆ. ಇವರಿಗೆ ಮಾತ್ರ ಗೊತ್ತು.”

ಮಧ್ಯಾಹ್ನದೊಳಗೆ ಆ ಕಾಯಿಲೆ ಪಕ್ಕದ ಬೀದಿಗೂ ಹಬ್ಬಿತು. ಸಂಜೆಯ ಹೊತ್ತಿಗೆ ಅದಕ್ಕೆ ಲಕ್ಷಣಗಳೂ ಬಂದವು. ಮೊದಲು ಕೈ ನಡುಗುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಮನುಷ್ಯರನ್ನು ಕಂಡರೇ ಹೆದರಿಕೆಯಾಗುತ್ತದೆ. ಯಾರು ಮೊದಲು ಹೇಳಿದರೆಂದು ಯಾರಿಗೂ ಗೊತ್ತಿಲ್ಲ. ನನಗೆ ಹೇಳಿದ್ದು ಟೈಲರು, ಟೈಲರಿಗೆ ಹೇಳಿದ್ದು ನಾನೇ ಎಂದು ಅವನು ಈಗಲೂ ವಾದಿಸುತ್ತಾನೆ.

ನಿಜ ತಿಳಿದುಕೊಂಡೇ ಬರೋಣವೆಂದು ನಾವು ಒಂದಿಷ್ಟು ಜನ ನಾಲಿಗೆಯವರ ಮನೆಗೆ ಹೋದೆವು. ಬಾಗಿಲು ತೆಗೆದವರು ಮೆಟ್ಟಿಲ ಮೇಲೆ ಅಷ್ಟು ಜನರನ್ನು ಕಂಡು ಬಿಳಿಚಿಕೊಂಡರು. ಸುಳ್ಳು ಬಯಲಾಯಿತು, ಸೊಸೆ ಒಳಗೇ ಇದ್ದಾಳೆ, ಇವರು ಈಗ ಕೂಗಿ ಹೇಳುತ್ತಾರೆ ಎಂಬ ದಿಗಿಲು ಅವರಿಗೆ.

“ಸಾರ್, ನೀವು ಹಾಲು ಬಿಟ್ಟಿದ್ದು ನಿಜಾನಾ?” ಟೈಲರು ಕೇಳಿದ.

ನಾಲಿಗೆಯವರ ಕೈ ನಡುಗಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಹೌ... ಹೌದು. ಬ... ಬಹಳ ಕಾಲ ಆಯ್ತು.”

ಮಾತು ತೊದಲಿತು. ನಾವು ಒಂದು ಮೆಟ್ಟಿಲು ಕೆಳಗಿಳಿದೆವು.

“ಯಾಕೆ ಬಿಟ್ರಿ ಅಂತ ನಮಗೆ ಮಾತ್ರ ಹೇಳಿ ಸಾರ್. ಯಾರಿಗೂ ಹೇಳಲ್ಲ.”

“ದಯವಿಟ್ಟು ಹೋಗ್ರಪ್ಪ. ಇಲ್ಲಿ ಅದರ ಮಾತೇ ಬೇಡ. ಮನೇಲಿ ಹುಡುಗಿ ಇದ್ದಾಳೆ, ಕೇಳಿಸ್ಕೊಂಡ್ರೆ ಕಷ್ಟ” ಎಂದು ಅವರು ಬಾಗಿಲು ಹಾಕಿ ಒಳಗಿನಿಂದ ಅಗಳಿ ಜಡಿದರು.

ಮನುಷ್ಯರನ್ನು ಕಂಡರೆ ಹೆದರಿಕೆ. ಮೂರಕ್ಕೆ ಮೂರೂ ಲಕ್ಷಣ. ನಾವು ಮೆಟ್ಟಿಲಿಳಿದ ವೇಗಕ್ಕೆ ಟೈಲರಿನ ಅಳತೆಪಟ್ಟಿ ಅಲ್ಲೇ ಬಿತ್ತು, ತರಲು ಯಾರೂ ವಾಪಸು ಹೋಗಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಮೊಸರಿನ ಪಾತ್ರೆಯನ್ನು ಮುಟ್ಟುವುದು ಯಾರು ಎಂದು ಜಗಳವಾಗಿ, ಕೊನೆಗೆ ಇಕ್ಕಳದಿಂದ ಎತ್ತಿ ಹೊರಗಿಟ್ಟೆವು.

ಆಮೇಲೆ ಡೈರಿಗೆ ಪ್ಯಾಕೆಟ್ಟುಗಳು ವಾಪಸು ಬರತೊಡಗಿದವು. ಮೊದಲು ನಮ್ಮ ಬೀದಿಯದು, ಆಮೇಲೆ ಅರ್ಧ ಊರಿನದು. ಮ್ಯಾನೇಜರು ನಾಲಿಗೆಯವರನ್ನು ಕೋಣೆಗೆ ಕರೆಸಿ ಬಾಗಿಲು ಮುಚ್ಚಿದರು. ಮುಚ್ಚಿದ ಬಾಗಿಲೆಂದರೆ ನಾಲಿಗೆಯವರಿಗೆ ಮೊದಲೇ ಆಗದು.

“ಕೂತ್ಕೊಳ್ಳಿ. ಕಾಫಿ ತಗೊಳ್ತೀರಾ?”

“ಕಪ್ಪು ಕಾಫಿ ಆದ್ರೆ...” ಎಂದುಬಿಟ್ಟರು ನಾಲಿಗೆಯವರು, ಅಭ್ಯಾಸಬಲದಿಂದ.

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರೆ ಜನ ಹೇಳ್ತಿರೋದು ನಿಜ. ನಮ್ಮ ಡೈರಿಯ ಅನ್ನ ತಿಂದ್ಕೊಂಡು ನಮ್ಮ ಹಾಲೇ ಬೇಡ ನಿಮಗೆ. ಹೇಳಿ, ಹಾಲಲ್ಲಿ ಏನಿದೆ?”

“ಏನೂ ಇಲ್ಲ ಸಾರ್.”

“ಏನೂ ಇಲ್ದೆ ಇದ್ರೆ ಯಾಕೆ ಬಿಟ್ರಿ?”

ಇದಕ್ಕೆ ಉತ್ತರ ಹೇಳಬೇಕೆಂದರೆ ಸೊಸೆ, ‘ಬರೀ’, ತುಪ್ಪ ಎಲ್ಲವನ್ನೂ ಹೇಳಬೇಕು. ನಾಲಿಗೆಯವರು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ ಕೂತರು. ಅದೂ ತುಪ್ಪ ಬಿಟ್ಟ ಮನುಷ್ಯ.

“ನೋಡಿ,” ಎಂದರು ಮ್ಯಾನೇಜರು, “ಬರೋ ಭಾನುವಾರ ಬೆಳಿಗ್ಗೆ ನಿಮ್ಮ ಬೀದಿ ತುದಿಯ ಹಾಲಿನ ಬೂತಿನ ಮುಂದೆ ಎಲ್ಲರನ್ನೂ ಸೇರಿಸ್ತೀನಿ. ಅವರೆಲ್ಲರ ಎದುರಿಗೆ ನೀವು ಒಂದು ಲೋಟ ಹಾಲು ಕುಡೀಬೇಕು. ಕುಡಿದ್ರೆ ಸರಿ. ಇಲ್ಲ ಅಂದ್ರೆ ನಾವು ಬೇರೆ ನಾಲಿಗೆ ನೋಡ್ಕೋತೀವಿ.”

ನಾಲಿಗೆಯವರಿಗೆ ಬರುತ್ತಿದ್ದ ಕೆಲಸ ಇದೊಂದೇ. ಬೇರೆಲ್ಲೂ ಯಾರೂ ಉಗುಳಿದ್ದಕ್ಕೆ ಸಂಬಳ ಕೊಡುವುದಿಲ್ಲ. ಕೆಲಸ ಹೋದರೆ ಗತಿಯಿಲ್ಲ. ಕೆಲಸ ಉಳಿಯಬೇಕಾದರೆ ಸೊಸೆಯ ಕಣ್ಣೆದುರಿಗೆ ಹಾಲು ಕುಡಿದು ಸುಳ್ಳುಬುರುಕ ಎನ್ನಿಸಿಕೊಳ್ಳಬೇಕು. ಅವರು ಮನೆಗೆ ಬಂದು ಹೆಂಡತಿಯನ್ನು ಮೂಲೆಗೆ ಕರೆದು, ಭಾನುವಾರ ಹುಡುಗಿಯನ್ನು ಎಲ್ಲಿಗಾದರೂ ಸಾಗಹಾಕು ಎಂದು ಬೇಡಿಕೊಂಡರು.

ಪಾರ್ಕು ನೋಡಿಕೊಂಡು ಬಾ ಎಂದು ಹೆಂಡತಿ ಪ್ರಯತ್ನವನ್ನೇನೋ ಮಾಡಿದರು. ಆದರೆ ಹುಡುಗಿಗೆ ಆಸ್ಪತ್ರೆಯಲ್ಲೇ ಸುದ್ದಿ ಮುಟ್ಟಿತ್ತು. “ಎಲ್ಲರೂ ಸೇರಿ ಮಾವನಿಗೆ ಬಲವಂತವಾಗಿ ಹಾಲು ಕುಡಿಸ್ತಾರಂತೆ. ಇಂಥ ಹೊತ್ತಲ್ಲಿ ನಾನು ಪಾರ್ಕು ನೋಡ್ಕೊಂಡು ಬರ್ಲಾ ಅತ್ತೆ? ನಾನು ಮಾವನ ಪಕ್ಕದಲ್ಲೇ ನಿಂತ್ಕೋತೀನಿ” ಎಂದಳು. ಪಕ್ಕದ ಕೋಣೆಯಲ್ಲಿದ್ದ ಮಾವ ಇದನ್ನು ಕೇಳಿ, ದೀಪ ಆರಿಸಿ, ತಲೆಯ ತುಂಬ ಹೊದ್ದು ಮಲಗಿದರು.

ಭಾನುವಾರ ಬಂತು. ಬೂತಿನ ಮುಂದೆ ಒಂದು ಮೇಜು, ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಗಾಜಿನ ಲೋಟದಲ್ಲಿ ಹಾಲು. ಮೇಜಿನ ಕೆಳಗೆ ಬೂತಿನವನು ಕೈ ತೊಳೆಯಲು ಇಟ್ಟುಕೊಂಡಿದ್ದ ಬಕೆಟ್ಟು. ಅದನ್ನು ಯಾರೂ ಗಮನಿಸಿರಲಿಲ್ಲ. ನಾವೆಲ್ಲ ರಸ್ತೆಯ ಆಚೆ ಬದಿಯಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದೆವು. ಮೂಲೆಮನೆಯ ಅಜ್ಜಿ ಮಾತ್ರ ಮೇಜಿನ ಹತ್ತಿರವೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಂಡಿ ನೋವಿನವರು, ಓಡುವ ಸಂದರ್ಭ ಬಂದರೂ ಓಡಲಾಗದು, ಹಾಗಾಗಿ ಹತ್ತಿರವೇ ಕೂತು ಸರಿಯಾಗಿ ನೋಡುವುದು ವಾಸಿ ಎಂಬುದು ಅವರ ಲೆಕ್ಕ.

ನಾಲಿಗೆಯವರನ್ನು ಒಂದು ಕಡೆಯಿಂದ ಹೆಂಡತಿ, ಇನ್ನೊಂದು ಕಡೆಯಿಂದ ಸೊಸೆ ಹಿಡಿದು ತಂದರು. ಮ್ಯಾನೇಜರು ಶುದ್ಧತೆ, ನಂಬಿಕೆ, ಸೇವೆ ಎಂದು ಮಾತಾಡಿದರು. ಉದ್ದ ಮಾತಾಡಿದರು. ಹೆದರಿದ ಮನುಷ್ಯನ ಮುಂದೆ ಉದ್ದ ಭಾಷಣ ಮಾಡಬಾರದು. ಅವನಿಗೆ ಯೋಚಿಸಲು ಸಮಯ ಸಿಗುತ್ತದೆ. ನಾಲಿಗೆಯವರು ಸೊಸೆಯನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ಲೋಟವನ್ನು ನೋಡಿದರು. ಮನಸ್ಸು ಅವರ ಕೈಬಿಟ್ಟು ಎಲ್ಲಿಗೋ ಹೊರಟುಹೋಯಿತು.

“ಈಗ ನಮ್ಮವರು ಹಾಲು ಕುಡಿದು ತೋರಿಸ್ತಾರೆ” ಎಂದರು ಮ್ಯಾನೇಜರು.

ನಾಲಿಗೆಯವರು ಲೋಟ ಎತ್ತಿದರು. ಬಗ್ಗಿ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಹಾಲು ಈ ದವಡೆಯಿಂದ ಆ ದವಡೆಗೆ ಹೋಯಿತು, ಆ ದವಡೆಯಿಂದ ಈ ದವಡೆಗೆ ಬಂತು. ಕಣ್ಣು ಮುಚ್ಚಿತು. ಆಮೇಲೆ ಅವರು ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಮಾಡುತ್ತಿದ್ದ ಹಾಗೆಯೇ, ಪಕ್ಕಕ್ಕೆ ಬಗ್ಗಿ, ಆ ಬಕೆಟ್ಟಿಗೆ ಗುರಿಯಿಟ್ಟು ಉಗುಳಿದರು.

“ಪಾಸ್” ಎಂದರು.

ಅದನ್ನು ಕೇಳಲು ರಸ್ತೆಯ ಆಚೆ ಬದಿಯಲ್ಲಿ ಯಾರೂ ಉಳಿದಿರಲಿಲ್ಲ. ಉಗುಳಿದ ಸದ್ದಿಗೇ ನಾವು ಚೆಲ್ಲಾಪಿಲ್ಲಿಯಾಗಿದ್ದೆವು. ಟೈಲರು ಅಂಗಡಿಯೊಳಗೆ ನುಗ್ಗಿ ಬಾಗಿಲೆಳೆದುಕೊಂಡ, ಹಾಲಿನವನು ತನ್ನ ಸೈಕಲ್ಲನ್ನೇ ಬಿಟ್ಟು ಇನ್ನೊಬ್ಬರ ಸೈಕಲ್ಲು ಹತ್ತಿದ, ನಾನು ಒಂದು ಕಂಬದ ಹಿಂದೆ ನಿಂತೆ. ಕಂಬ ತೆಳ್ಳಗಿತ್ತು, ನಾನು ತೆಳ್ಳಗಿಲ್ಲ. ಮ್ಯಾನೇಜರು ಮೇಜು ಹಿಡಿದುಕೊಂಡು, “ನಿಮ್ಮ ಕೆಲಸ ಮುಗೀತು” ಎಂದರು. ಗಟ್ಟಿಯಾಗಿ ಹೇಳಲೂ ಅವರಿಂದಾಗಲಿಲ್ಲ.

ಆಗ ಓಡಲಾಗದ ಅಜ್ಜಿ ಕುರ್ಚಿಯಿಂದಲೇ ಕೇಳಿದರು. “ಯಾಕಪ್ಪ ಉಗುಳಿದೆ?”

“ಅಭ್ಯಾಸ ಅಜ್ಜಿ. ಡೈರೀಲಿ ದಿನಾ ಉಗುಳ್ತೀನಿ.”

“ದಿನಾ ಉಗುಳ್ತಾನಂತೆ” ಎಂದು ಯಾರೋ ಗೋಡೆಯ ಹಿಂದಿನಿಂದ ಹೇಳಿದರು. ಇನ್ನೊಂದು ಮನೆಯ ಕಿಟಕಿ ಮುಚ್ಚಿತು.

ನಾಲಿಗೆಯವರಿಗೆ ಅಳುವೇ ಬಂತು. ಹೋಗುವುದೆಲ್ಲ ಹೋದ ಮೇಲೆ ಮುಚ್ಚಿಡುವುದಕ್ಕೆ ಏನು ಉಳಿಯಿತು? ಸೊಸೆಯ ಕಡೆ ನೋಡದೆ, ಅಜ್ಜಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟರು. ಹಾಲಲ್ಲಿ ಏನೂ ಇಲ್ಲ, ಹಸುವಿಗೂ ಕೋಳಿಗೂ ಏನೂ ಆಗಿಲ್ಲ, ಹುಡುಗಿಯ ಮುಂದೆ ದೊಡ್ಡವನಾಗಲು ಹೋಗಿ ಬಾಯಿ ತಪ್ಪಿ ಹೇಳಿದ್ದು, ಆಮೇಲೆ ಹಿಂದಕ್ಕೆ ತಗೊಳ್ಳೋಕೆ ಧೈರ್ಯ ಬರಲಿಲ್ಲ.

ಆದರೆ ಹೆದರಿದ ಜನ ಸುಲಭಕ್ಕೆ ನಿಜವನ್ನು ನಂಬುವುದಿಲ್ಲ. “ಮ್ಯಾನೇಜರ್ ಹೇಳಿಕೊಟ್ಟಿದ್ದು,” ಎಂದ ಟೈಲರು, ಬಾಗಿಲ ಸಂದಿಯಿಂದ. “ಪಾಪ, ಕೆಲಸದ ಹೆದರಿಕೆ. ನೋಡಿ ಹೇಗೆ ನಡುಗ್ತಿದ್ದಾರೆ.”

ಅಜ್ಜಿ ಸೊಸೆಯ ಕಡೆ ತಿರುಗಿದರು. “ನೀನು ಹೇಳಮ್ಮ. ಇವನು ಹೇಳೋದು ನಿಜಾನಾ?”

ನಾಲಿಗೆಯವರು ಕಣ್ಣು ಮುಚ್ಚಿಕೊಂಡರು. ಇಷ್ಟೂ ದಿನ ಯಾವುದಕ್ಕೆ ಹೆದರಿ ಬದುಕಿದ್ದರೋ ಅದು ಈಗ ಬೀದಿಯ ನಡುವೆ ನಿಂತಿತ್ತು.

“ನಿಜ ಅಜ್ಜಿ,” ಎಂದಳು ಹುಡುಗಿ. “ನಂಗೆ ಮೊದಲ ದಿನವೇ ಗೊತ್ತಾಗಿತ್ತು. ಹಾಲು ಮೊಸರು ಬಿಟ್ಟು ಬಹಳ ಕಾಲ ಆಯ್ತು ಅಂತ ಮಾವ ಹೇಳ್ತಿದ್ದಾಗ ಅವರ ಮೀಸೆ ತುಂಬ ಮೊಸರಿತ್ತು.”



“ಕೋಟಿನ ಜೇಬಿನಲ್ಲಿ ಮೊಟ್ಟೆ ಚಿಪ್ಪೂ ಇತ್ತು,” ಎಂದರು ಹೆಂಡತಿ, ಇದನ್ನು ಹೇಳಲು ಇಷ್ಟು ದಿನ ಕಾದಿದ್ದವರಂತೆ. “ಒಗೆಯೋಕೆ ಹಾಕಿದಾಗ ಸಿಕ್ತು. ಮೊದಲ ವಾರ ಮಾತ್ರ.”

ಮೊದಲು ನಕ್ಕವರು ಅಜ್ಜಿ. ಆಮೇಲೆ ಗೋಡೆಯ ಹಿಂದೆ ಯಾರೋ ನಕ್ಕರು. ಆಮೇಲೆ ಮುಚ್ಚಿದ ಕಿಟಕಿ ತೆರೆಯಿತು, ಟೈಲರಿನ ಬಾಗಿಲು ತೆರೆಯಿತು, ನಾನು ಕಂಬದ ಹಿಂದಿನಿಂದ ಹೊರಬಂದೆ. ಕೆಲಸ ಉಳಿಸಿಕೊಳ್ಳಲು ಮನುಷ್ಯ ಸಾವಿರ ಸುಳ್ಳು ಹೇಳಿಯಾನು, ಆದರೆ ಮೀಸೆಗೆ ಮೊಸರು ಹಚ್ಚಿಕೊಂಡು ಮೊಸರು ಬಿಟ್ಟೆ ಎಂದ ಕಥೆಯನ್ನು ಯಾವ ಮ್ಯಾನೇಜರೂ ಕಟ್ಟಿಕೊಡಲಾರ. ನಗುತ್ತಿರುವಾಗ ಹೆದರುವುದು ಕಷ್ಟ. ಕಾಯಿಲೆ ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೊರಟುಹೋಯಿತು.

“ಆದ್ರೂ ಈ ಲೋಟ ಮುಗಿಸು,” ಎಂದರು ಅಜ್ಜಿ. “ಈ ಸಲ ನುಂಗಬೇಕು.”

ನಾಲಿಗೆಯವರು ನುಂಗಿದರು. ಒಂದೊಂದು ಗುಟುಕಿಗೂ ಗಂಟಲು ಮೇಲೆ ಹೋಗಿ ಕೆಳಗೆ ಬರುವುದನ್ನು ಬೀದಿಯೇ ನಿಂತು ನೋಡಿತು. ಅಜ್ಜಿ, “ಬಾಯಿ ತೆಗಿ” ಎಂದರು. ತೆಗೆದರು. ನಾಲಿಗೆ ಎತ್ತು ಎಂದರು. ಎತ್ತಿದರು. ಮ್ಯಾನೇಜರು ಹಣೆ ಒರೆಸಿಕೊಂಡು, “ನಾಳೆ ಟೈಮಿಗೆ ಸರಿಯಾಗಿ ಬನ್ನಿ” ಎಂದರು. ಹಾಗೆ ನಾಲಿಗೆಯವರ ಮಾನ ಹೋಗಿ ಕೆಲಸ ಉಳಿಯಿತು.

ಮನೆಗೆ ಹೋಗುವ ದಾರಿಯಲ್ಲಿ ಅವರು ಸೊಸೆಯನ್ನು ಕೇಳಿದರು. “ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?”

“ಹೇಳಿದ್ರೆ ನೀವು ಮುಖ ಚಿಕ್ಕದು ಮಾಡ್ಕೋತಿದ್ರಿ. ಆಮೇಲೆ ನೋಡಿದ್ರೆ ನಿಜವಾಗ್ಲೂ ಬಿಟ್ಟ ಹಾಗೆ ಕಾಣ್ತು. ನಡುವೆ ಮಾತಾಡಿ ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ ಮಾವ.”

ಅಂದಿನಿಂದ ಆ ಮನೆಗೆ ಮತ್ತೆ ಹಾಲು ಬರತೊಡಗಿತು. ಹಾಲಿನವನು ಈಗ ಅವರ ಬಾಗಿಲಲ್ಲಿ ಎರಡು ಸಲ ಗಂಟೆ ಬಾರಿಸುತ್ತಿದ್ದ, ಬೀದಿಗೆಲ್ಲ ಕೇಳಲಿ ಎಂದು. ನಾಟಕ ಮುಗಿದಿತ್ತು, ಇನ್ನು ಧಾರಾಳವಾಗಿ ಕುಡಿಯಬಹುದಿತ್ತು. ಆದರೆ ನಾಲಿಗೆಯವರು ಗಂಟಲು ಸರಿಯಿಲ್ಲ ಎಂದು ಒಂದು ದಿನ, ಹೊಟ್ಟೆ ಭಾರ ಎಂದು ಒಂದು ದಿನ ಕಪ್ಪು ಕಾಫಿಯನ್ನೇ ಕುಡಿಯುತ್ತ ಬಂದರು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ತರಬೇತಿ ಮುಗಿದು ಹುಡುಗಿ ಹೊರಟಳು. ಅವಳನ್ನು ಬಸ್ಸು ಹತ್ತಿಸಿ ಬಂದ ಬೆಳಿಗ್ಗೆ ಹೆಂಡತಿ ಗಟ್ಟಿ ಹಾಲು ಹಾಕಿ ನೊರೆ ಬರುವ ಹಾಗೆ ಕಾಫಿ ಮಾಡಿ ಗಂಡನ ಮುಂದಿಟ್ಟರು.

“ಅವಳು ಹೋದ್ಲಲ್ಲ. ಇನ್ನು ಯಾರ ಹೆದರಿಕೆ? ಕುಡೀರಿ.”

ನಾಲಿಗೆಯವರು ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಎದ್ದು ತೊಟ್ಟಿಯ ಹತ್ತಿರ ಹೋಗಿ ಉಗುಳಿದರು. ‘ಪಾಸ್’ ಎನ್ನಲಿಲ್ಲ.

“ಕೆಟ್ಟಿದೆಯಾ?”

“ಇಲ್ಲ. ಹಾಲು ಚೆನ್ನಾಗಿದೆ.”

“ಮತ್ತೆ ಅಭ್ಯಾಸಾನಾ?”

“ಅಲ್ಲ ಕಣೆ.” ಅವರು ಹೆಂಡತಿಯ ಮುಖ ನೋಡದೆ ಲೋಟವನ್ನು ಮೆಲ್ಲಗೆ ಆಚೆ ಸರಿಸಿದರು. “ಮೊನ್ನೆ ಡೈರಿ ಲಾರಿಯವನ್ನ ಕೇಳಿದೆ, ಕರುಗಳೆಲ್ಲ ಎಲ್ಲಿರುತ್ತೆ ಅಂತ. ಅವನು ಹೇಳ್ದ, ಗಂಡುಕರುಗಳನ್ನ ಕಸಾಯಿಖಾನೆ ಲಾರಿ ಹತ್ತಿಸ್ತಾರಂತೆ. ನಂಗೆ ಬೇಡ, ಅಷ್ಟೆ.”

ನಗಬೇಕೆಂದುಕೊಂಡಿದ್ದ ಹೆಂಡತಿ ನಗಲಿಲ್ಲ. ಲೋಟ ಎತ್ತಿಕೊಂಡು ತಾವೇ ಒಂದು ಗುಟುಕು ಕುಡಿದರು. “ಹಾಗಾದ್ರೆ ನಾಳೆಯಿಂದ ಹಾಲು ಕಮ್ಮಿ ಮಾಡೋಕೆ ಹೇಳ್ಲಾ?”

ಆ ಮಾತಿಗೆ ನಾಲಿಗೆಯವರು ಓಡಿಹೋಗಿ ಪರದೆ ಎಳೆದರು. “ಮೆಲ್ಲಗೆ ಮಾತಾಡು. ಹೊರಗೆ ಕೇಳಿಸುತ್ತೆ.”

ಅಷ್ಟರಲ್ಲಿ ಕೆಳಗೆ ಸೈಕಲ್ ಗಂಟೆ ಎರಡು ಸಲ ಬಾರಿಸಿತು. ಗಂಡಹೆಂಡತಿ ಇಬ್ಬರೂ ಇದ್ದಲ್ಲೇ ನಿಂತರು. ಪರದೆ ಯಾಕೆ ಎಳೆದಿದೆ ಎಂದು ಹಾಲಿನವನಿಗೆ ಅನುಮಾನ ಬಂದರೆ? ಅವನು ಟೈಲರಿಗೆ ಹೇಳಿದರೆ? ನಾಲಿಗೆಯವರು ಮತ್ತೆ ಪರದೆ ಸರಿಸಿ, ಹೆಂಡತಿಯ ಕೈಯಿಂದ ಲೋಟ ಕಿತ್ತುಕೊಂಡು, ಕಿಟಕಿಯಿಂದ ಎತ್ತಿ ಹಿಡಿದು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

“ಆಹಾ, ಇವತ್ತು ಹಾಲು ಏನು ಚೆನ್ನಾಗಿದೆಯಪ್ಪ.”

ಹಾಲಿನವನು ಮೇಲೆ ನೋಡಿದ. ಅವನ ಮುಖ ಅರಳಿತು. “ಹಾಗಾದ್ರೆ ನಾಳೆಯಿಂದ ಒಂದು ಲೀಟರ್ ಜಾಸ್ತಿ ಹಾಕ್ಲಾ ಸಾರ್?”

ಎದುರು ಮನೆಯ ಕಿಟಕಿಯಲ್ಲಿ ಟೈಲರು ನಿಂತಿದ್ದ. ಮೂಲೆಮನೆಯ ಅಜ್ಜಿ ಬಾಗಿಲಿಗೆ ಬಂದಿದ್ದರು.

“ಹಾಕಪ್ಪ” ಎಂದರು ನಾಲಿಗೆಯವರು.